ಸಲಾಮು ಹೆಚ್ಚಾದ ಅರ್ಜಿ

ಅರ್ಜಿ ಬರೆಯುವುದನ್ನು ನನಗೆ ಕಲಿಸಿದವರು ಮುತ್ಯಾ, ಅಂದರೆ ನನ್ನ ತಂದೆಯ ತಂದೆ. ನಿಜಾಮರ ಕಾಲದಲ್ಲಿ ಅವರು ತಹಸೀಲ್ ಕಚೇರಿಯ ಎದುರು ಬೇವಿನ ಗಿಡದ ಬುಡಕ್ಕೆ ಚಾಪೆ ಹಾಸಿಕೊಂಡು ಕೂತು, ಕನ್ನಡದಲ್ಲಿ ಅಳುತ್ತ ಬಂದವರ ದುಃಖವನ್ನು ಉರ್ದುವಿನಲ್ಲಿ ಬರೆದುಕೊಡುತ್ತಿದ್ದರು. ಅರ್ಜಿಯೆಂದರೆ ಮದುವೆಯ ಊಟವಿದ್ದಂತೆ ಎನ್ನುವುದು ಅವರ ಸಿದ್ಧಾಂತ. ಮೊದಲು ಹೋಳಿಗೆ, ನಡುವೆ ಒಂದಿಷ್ಟು ಖಾರ, ಕೊನೆಗೆ ಮಜ್ಜಿಗೆ ಸುರಿದು ಎಲ್ಲ ತಂಪು ಮಾಡಬೇಕು. ‘ಪಹಲೆ ಸಲಾಮ್, ಫಿರ್ ಕಲಾಮ್’ ಎಂದು ನನ್ನ ತಲೆಗೆ ಮೊಟಕಿ ಹೇಳುತ್ತಿದ್ದರು. ಮೊದಲು ನಮಸ್ಕಾರ, ಮಾತು ಆಮೇಲೆ.

ನಾನು ಜಹೀರಾಬಾದಿನ ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತನಾದವನು. ಮುತ್ಯಾನ ವಿದ್ಯೆಯಿಂದ ಓಣಿಯವರ ಪಿಂಚಣಿ, ರೇಷನ್ ಕಾರ್ಡು, ಕರೆಂಟು ಕಂಬ ಇಂಥ ಎಷ್ಟೋ ಕೆಲಸ ಮಾಡಿಸಿಕೊಟ್ಟಿದ್ದೇನೆ. ಹಾಗಾಗಿ ನನ್ನ ಅಣ್ಣನ ಮಗಳು ತನ್ನ ಅತ್ತೆಯನ್ನು ಕರೆದುಕೊಂಡು ಮನೂರ್ ಕಡೆಯ ಹಳ್ಳಿಯಿಂದ ಆಟೋ, ಬಸ್ಸು ಬದಲಿಸುತ್ತ ಬಂದು ನಮ್ಮ ಪಡಸಾಲೆಯಲ್ಲಿ ಕೂತು, “ಕಾಕಾ, ಒಂದು ಅರ್ಜಿ ಬರದ ಕೊಡ್ರಿ” ಎಂದಾಗ ಒಳಗೊಳಗೆ ನನಗೆ ಸ್ವಲ್ಪ ಹೆಮ್ಮೆಯೇ ಆಗಿತ್ತು. ಈಗ ಅದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಅವಳ ಗಂಡ ಕೊಲ್ಲಿಯ ಒಂದು ರಾಜ್ಯದಲ್ಲಿ ನೀರಿನ ಟ್ಯಾಂಕರ್ ಓಡಿಸುತ್ತಿದ್ದ. ಅಲ್ಲಿ ಓಟಿಲ್ಲ, ಪತ್ರಿಕೆಯಿದ್ದರೂ ಇಲ್ಲದಂತೆ. ದೊರೆ ಹೇಳಿದ್ದೇ ಕಾಯ್ದೆ. ಕೂಲಿಗಳ ಕ್ಯಾಂಪಿನಲ್ಲಿ ಒಬ್ಬ ಬಿಸಿಲಿನ ಝಳಕ್ಕೆ ಬಿದ್ದು ಸತ್ತನಂತೆ. ಅವನ ಜೊತೆಗಾರರು ಮರುದಿನ ಕೆಲಸಕ್ಕೆ ಏಳಲಿಲ್ಲ. ಪೊಲೀಸರು ಬಂದು ಸಾಲಾಗಿ ಕೂರಿಸಿ ಹೊಡೆದರು. ನೀರು ಇಳಿಸಲು ಹೋಗಿದ್ದ ನಮ್ಮವನು ಟ್ಯಾಂಕರಿನ ಕ್ಯಾಬಿನ್ನಿನಲ್ಲಿ ಕೂತು ಅದನ್ನು ಮೊಬೈಲಿನಲ್ಲಿ ಹಿಡಿದು ನಾಲ್ಕಾರು ಜನರಿಗೆ ಕಳಿಸಿದ. ಮಾಡಿದ್ದು ಇಷ್ಟೇ. ನಾಲ್ಕನೆಯ ದಿನ ಅವನ ಫೋನು ಸತ್ತಿತು. ಜೊತೆಯಲ್ಲಿ ಇರುತ್ತಿದ್ದವನೊಬ್ಬ ಬೇರೆ ನಂಬರಿನಿಂದ ಮಾಡಿ, “ಕರಕೊಂಡ್ ಹೋದ್ರು, ನನಗ ಮತ್ತ ಫೋನ್ ಹಚ್ಚಬ್ಯಾಡ್ರಿ” ಎಂದು ಹೇಳಿ ಇಟ್ಟುಬಿಟ್ಟ. ಆಮೇಲೆ ಮೂರು ತಿಂಗಳು ಏನೂ ಇಲ್ಲ. ಯಾವ ಜೈಲು, ಯಾವ ಆಪಾದನೆ, ಯಾವ ಕೋರ್ಟು, ಯಾವುದೂ ಗೊತ್ತಿಲ್ಲ.

“ಬಿಡಸ್ರಿ ಅಂತ ಆಮ್ಯಾಲ ಕೇಳೋಣ ಕಾಕಾ,” ಎಂದಳು ಹುಡುಗಿ. “ಮೊದಲ ಎಲ್ಲಿ ಅದಾರ ಅಂತ ಹೇಳ್ಲಿ. ಜೀವಂತ ಅದಾರೋ ಇಲ್ಲೋ, ಅದರ ಹೇಳ್ಲಿ.”

ನಾನು ಕನ್ನಡಕ ಏರಿಸಿಕೊಂಡು ಕೂತೆ. ಅಲ್ಲಿನ ನಮ್ಮ ರಾಯಭಾರ ಕಚೇರಿಗೊಂದು, ದಿಲ್ಲಿಗೊಂದು ಪ್ರತಿ. ಆ ರಾಜ್ಯದ ಅನ್ನ ಆರು ವರ್ಷ ನಮ್ಮ ಮನೆಯನ್ನು ಸಾಕಿದೆ ಎಂದು ಆರಂಭಿಸಿದೆ. ಅಲ್ಲಿನ ದೊರೆಗಳ ಔದಾರ್ಯ ಲೋಕಕ್ಕೇ ತಿಳಿದದ್ದು, ಅವರ ನ್ಯಾಯದ ಮೇಲೆ ನಮಗೆ ಸಂಪೂರ್ಣ ಭರವಸೆಯಿದೆ, ನಮ್ಮ ಹುಡುಗ ತಿಳಿಯದೆ ತಪ್ಪು ಮಾಡಿದ್ದರೆ ದೊಡ್ಡ ಮನಸ್ಸಿನಿಂದ ಮನ್ನಿಸಬೇಕು. ಎರಡನೆಯ ಪುಟದ ನಡುವೆ ಎಲ್ಲೋ, ಅವನು ಎಲ್ಲಿದ್ದಾನೆಂದು ತಿಳಿಸಿದರೆ ಉಪಕಾರ ಎಂಬ ಒಂದು ಸಾಲು. ಓದಿ ಹೇಳಿದೆ. ನನಗೇ ಬಹಳ ಸೊಗಸಾಗಿ ಕಂಡಿತು.

ಅವಳ ಅತ್ತೆ ಎಪ್ಪತ್ತು ದಾಟಿದ ಮುದುಕಿ. ವಿಭೂತಿ ಹಚ್ಚಿದ ಹಣೆ, ಕೈಯಲ್ಲಿ ಎಲೆ ಅಡಿಕೆಯ ಚೀಲ, ನಾಲಿಗೆಯ ಮೇಲೆ ಚೂರಿ. ನಾನು ಹೆಣ್ಣಿನ ಕಡೆಯವನಾದ್ದರಿಂದ ಆಕೆಗೆ ಬೀಗ. ಎಲ್ಲ ಕೇಳಿಸಿಕೊಂಡು ಆಕೆ ಅಂದದ್ದು ಇದು:

“ಬೀಗರ, ಇದು ನನ್ನ ಮಗನ ಸಲುವಾಗಿ ಬರದದ್ದೋ, ಆ ರಾಜಾನ ಹುಟ್ಟಿದ ದಿನಕ್ಕ ಬರದದ್ದೋ?”

“ನಿಮಗ ತಿಳಿಯೂದಿಲ್ಲ ಬಿಡ್ರಿ. ದೊಡ್ಡವ್ರ ಹಂತ್ಯಾಕ ಹಿಂಗ ಹೋಗಬೇಕು.”

“ಖರೆ ಅದ. ನಮಗ ಬರೇ ಮಕ್ಕಳನ್ನ ಹಡ್ಯಾಕ ತಿಳೀತದ,” ಎಂದು ಹೆಬ್ಬೆಟ್ಟು ಒತ್ತಿದಳು.

ಉತ್ತರ ಬರಲು ಮತ್ತೆ ಎರಡು ತಿಂಗಳು. ಅಷ್ಟರೊಳಗೆ ನಾನು ಮತ್ತು ಹುಡುಗಿ ಕಂಡ ಕಚೇರಿಗಳಿಗೆ ಲೆಕ್ಕವಿಲ್ಲ. ಒಬ್ಬರು ಇದು ನಮಗೆ ಬರುವುದಿಲ್ಲ ಎಂದರು. ಇನ್ನೊಬ್ಬರು ಬರುತ್ತದೆ, ಆದರೆ ಮೇಲಿನಿಂದ ಬರಬೇಕು ಎಂದರು. ಮತ್ತೊಬ್ಬರು ಟೀ ಕುಡಿಸಿ, ತೆಲುಗಿನಲ್ಲಿ ಬಹಳ ಪ್ರೀತಿಯಿಂದ, ಅವನು ಯಾಕೆ ವಿಡಿಯೋ ಮಾಡಬೇಕಿತ್ತು ಎಂದು ಕೇಳಿದರು. ಹೊಡೆದವರನ್ನು ಯಾಕೆ ಹೊಡೆದಿರಿ ಎಂದು ಕೇಳುವವರು ಒಬ್ಬರೂ ಸಿಗಲಿಲ್ಲ. ನೋಡಿದವನು ಯಾಕೆ ನೋಡಿದ ಎಂದು ಕೇಳುವವರೇ ಎಲ್ಲ.

ಉತ್ತರ ಬಂದ ದಿನ ನಾರಾಯಣಖೇಡದಲ್ಲಿ ಸಂತೆ. ಅತ್ತೆ ಸೊಸೆ ಇಬ್ಬರೂ ಸಂತೆಗೆ ಬಂದಿದ್ದರು. ನಾನು ಬಸ್ಸು ಹತ್ತಿ ಅಲ್ಲಿಗೇ ಹೋದೆ. ಬಸ್ ನಿಲ್ದಾಣದ ಕಲ್ಲು ಬೆಂಚಿನ ಮೇಲೆ ಕೂತು ಲಕೋಟೆ ಒಡೆದು ಓದಿ ಕನ್ನಡದಲ್ಲಿ ಹೇಳಿದೆ. ನಾಲ್ಕೇ ಸಾಲು. ಕುಟುಂಬದವರು ಆ ಮಿತ್ರರಾಷ್ಟ್ರದ ನ್ಯಾಯ ವ್ಯವಸ್ಥೆಯಲ್ಲಿ ಸಂಪೂರ್ಣ ಭರವಸೆ ವ್ಯಕ್ತಪಡಿಸಿರುವುದನ್ನು ಗಮನಿಸಲಾಗಿದೆಯಂತೆ. ಇದು ಆ ದೇಶದ ಆಂತರಿಕ ವಿಷಯವಂತೆ. ಆದ್ದರಿಂದ ಸದ್ಯಕ್ಕೆ ಯಾವ ಕ್ರಮದ ಅಗತ್ಯವೂ ಕಂಡುಬರುವುದಿಲ್ಲವಂತೆ.

ನನ್ನ ಹೋಳಿಗೆಯನ್ನು ನನಗೇ ತಿರುಗಿ ಬಡಿಸಿದ್ದರು. ಬೇರೆ ಯಾರೋ ಮಾಡಿದ ತಪ್ಪಾಗಿದ್ದರೆ ಬೈದು ಹಗುರಾಗಬಹುದಿತ್ತು. ಇದು ನಾನೇ, ನನ್ನ ಕೈಯಿಂದ, ಒಳ್ಳೆಯ ಅಕ್ಷರದಲ್ಲಿ ಬರೆದ ಸಾಲು. ನಮ್ಮ ಕಡೆ ಎಲ್ಲರೂ ಮಾಡುವ ತಪ್ಪೇ ಇದು. ಎದುರಿಗಿದ್ದವನ ಮನಸ್ಸು ನೋಯಬಾರದು ಅಂತ ನಮ್ಮ ನೋವನ್ನು ಎಷ್ಟು ಮೆತ್ತಗೆ ಸುತ್ತುತ್ತೇವೆಂದರೆ, ಬಿಚ್ಚಿ ನೋಡಲು ಯಾರಿಗೂ ಪುರುಸೊತ್ತಿರುವುದಿಲ್ಲ.

“ಆಂತರಿಕ ಅಂದ್ರ ಏನ್ ಕಾಕಾ?” ಹುಡುಗಿ ಕೇಳಿದಳು. ಅವಳು ಓದಿದ್ದು ತೆಲುಗು ಶಾಲೆಯಲ್ಲಿ.

“ಅವ್ರ ಮನಿ ವಿಚಾರ ಅಂತ. ಹೊರಗಿನವ್ರು ಕೇಳಬಾರದು ಅಂತ.”

ಮುದುಕಿ ಎಲೆಗೆ ಸುಣ್ಣ ಸವರುತ್ತಿದ್ದವಳು ಕೈ ನಿಲ್ಲಿಸಿದಳು. “ನಮ್ಮ ಓಣ್ಯಾಗ ಒಬ್ಬಾಂವ ಹೆಂಡ್ತೀನ ದನದ ಕೊಟ್ಟಿಗ್ಯಾಗ ಕಟ್ಟಿ ಹಾಕಿದ್ದ. ಯಾರ ಕೇಳಿದ್ರೂ ನನ್ನ ಮನಿ, ನನ್ನ ಹೆಂಡ್ತಿ ಅಂತಿದ್ದ. ನಮ್ಮತ್ತಿ ಏನ್ ಮಾಡಿದ್ಳು ಗೊತ್ತೇನ್ರಿ? ನಾಕ ಮಂದಿ ಮುದುಕ್ಯಾರನ್ನ ಕರಕೊಂಡು ಅವನ ಕಟ್ಟಿ ಮ್ಯಾಲ ಹೋಗಿ ಕುಂತಳು. ಮನೀಗಿ ಬಂದವ್ರಿಗಿ ನೀರ ಕೊಡಬೇಕಲ್ಲ, ಕೊಟ್ಟ. ಇಸಗೊಂಡು ಮುಂದ ಇಟ್ಕೊಂಡ್ರು. ಕುಡೀಲೂ ಇಲ್ಲ, ಎದ್ದೂ ಹೋಗ್ಲಿಲ್ಲ.”

“ಬೈದ್ರೇನು?” ಎಂದೆ.

“ಯಾಕ ಬೈತಾರ? ನೀರ ಮುಟ್ಟಲಿಲ್ಲಂದ್ರ ಮನಿಯಾಂವ ಕೇಳಬೇಕು, ಯಾಕ ಮುಟ್ಟವಲ್ರಿ ಅಂತ. ಕೇಳಿದ ಮ್ಯಾಲ ಜವಾಬ್ ಕೊಡಬೇಕು. ಸಂಜೀತನ ಕುಂತ್ರು, ಓಣಿ ಪೂರಾ ನೋಡ್ಲಿಕತ್ತಿತ್ತು. ಬಿಚ್ಚಿದ.” ಎಲೆ ಮಡಿಸಿ ಬಾಯಿಗೆ ಹಾಕಿಕೊಂಡಳು. “ಮನಿ ಅವಂದೇ ಇರ್ಲಿ ಬೀಗರ. ಒದರೂ ಧ್ವನಿ ಓಣೀಗೆಲ್ಲ ಕೇಳಸ್ತದಲ್ಲ?”

ಆ ಕಡೆಯ ಹಳ್ಳಿಗಳಲ್ಲಿ ಈ ಪದ್ಧತಿ ಈಗಲೂ ಅಲ್ಲಲ್ಲಿ ಉಳಿದಿದೆ. ವಾಪಸು ಬರುವ ಬಸ್ಸಿನಲ್ಲಿ ನಾನು ಅದನ್ನೇ ಯೋಚಿಸುತ್ತಿದ್ದೆ. ನಮ್ಮದು ಓಟಿನ ದೇಶ. ಐದು ವರ್ಷಕ್ಕೊಮ್ಮೆ ದೊಡ್ಡವರು ಬಂದು ಇದೇ ಮುದುಕಿಯ ಕಾಲು ಮುಟ್ಟುತ್ತಾರೆ, ಅವ್ವಾ ನೀನೇ ದೊರೆ ಎನ್ನುತ್ತಾರೆ. ಆ ದೊರೆಯ ಮಗನನ್ನು ಇನ್ನೊಬ್ಬ ದೊರೆ ಮುಚ್ಚಿಟ್ಟರೆ ಒಂದು ಮಾತು ಕೇಳಲು ಇವರಿಗೆ ಗಂಟಲು ಕಟ್ಟುತ್ತದೆ. ಯುದ್ಧ ಮಾಡಿರೆಂದು ಯಾರೂ ಹೇಳುತ್ತಿಲ್ಲ. ಬೈಯಿರಿ ಎಂದೂ ಹೇಳುತ್ತಿಲ್ಲ. ವ್ಯಾಪಾರ ನಿಲ್ಲಿಸಿದರೆ ಮೊದಲು ಕೆಲಸ ಕಳೆದುಕೊಳ್ಳುವವರು ನಮ್ಮಂಥ ಮನೆಯವರೇ, ಅದೂ ಗೊತ್ತು. ಆದರೆ ಕಟ್ಟೆಯ ಮೇಲೆ ಹೋಗಿ ಕೂರುವುದಕ್ಕೆ, ಎಲ್ಲರ ಎದುರು ಒಬ್ಬನ ಹೆಸರು ಹಿಡಿದು ಎಲ್ಲಿ ಎಂದು ಕೇಳುವುದಕ್ಕೆ, ಸಂಜೆಯತನಕ ಏಳದೆ ಇರುವುದಕ್ಕೆ ಏನು ಅಡ್ಡಿ? ಅಷ್ಟನ್ನೂ ಮಾಡದಿದ್ದರೆ ನಮ್ಮಲ್ಲಿ ಓಟಿದೆ, ಅವರಲ್ಲಿಲ್ಲ ಎಂಬ ಜಂಬ ಯಾತಕ್ಕೆ?

ಹೀಗೆ ಕುದಿಯುತ್ತಿದ್ದಾಗಲೇ ತಾಂಡೂರಿನಿಂದ ನನ್ನ ಹೆಂಡತಿಯ ತಮ್ಮ ಫೋನ್ ಮಾಡಿದ. ಅವನಿಗೆ ಅಲ್ಲಿ ತೊಗರಿ ಬೇಳೆಯ ಮಿಲ್ಲಿದೆ. ಬೇಳೆ ನೋಡಲು ಹೊರದೇಶದ ಸರ್ಕಾರದ ಕಡೆಯಿಂದ ನಾಲ್ಕು ಜನ ದೊಡ್ಡವರು ಬರುತ್ತಾರೆ, ಅವರ ಮುಖ್ಯಸ್ಥರಿಗೆ ಹಿಂದುಸ್ತಾನಿ ಬರುತ್ತದೆ, ಮಾಮಾ ನೀವು ಬಂದು ಚೆಂದದ ಉರ್ದುವಿನಲ್ಲಿ ಸ್ವಾಗತದ ಎರಡು ಮಾತು ಆಡಬೇಕು ಎಂದ. ಯಾವ ದೇಶ ಎಂದು ಕೇಳಿದೆ. ಅದೇ ರಾಜ್ಯ.

“ಬರ್ತೀನಿ. ನನ್ನ ಸಂಗಡ ಇಬ್ಬರು ಹೆಣ್ಮಕ್ಕಳು ಬರ್ತಾರ,” ಎಂದೆ. ವಿಷಯ ಅವನಿಗೂ ಗೊತ್ತಿತ್ತು.

“ಮಾಮಾ, ನಾವು ಬ್ಯಾಳಿ ಮಾರಾಕ ಕುಂತೀವಿ, ನ್ಯಾಯ ಮಾಡಾಕ ಅಲ್ಲ. ಅಷ್ಟಕ್ಕೂ ನಮ್ಮ ಠಾಣಾದಾಗ ಏನ್ ಮಾಲಿ ಹಾಕಿ ಕೂಡಸ್ತಾರೇನು? ಯಾವ ಬಾಯ್ಲೆ ಅವ್ರಿಗಿ ಕೇಳ್ತೀರಿ?”

ಮಾತು ಸುಳ್ಳಲ್ಲ. ನಮ್ಮ ಲಾಠಿಗಳೂ ಹೂವಿನವಲ್ಲ. “ನಮ್ಮ ಠಾಣಾದಾಗ ಹೊಡದ್ರ ಹೊರಗ ನಿಂತು ಒದರಾಕರ ಬರ್ತದ,” ಎಂದೆ. “ಅಲ್ಲಿ ಅದೂ ಇಲ್ಲ. ಅದಕ್ಕ ಅವನ ಪಾಲಿಂದು ನಾವೇ ಒದರಬೇಕು.”

“ಒದರಬ್ಯಾಡ್ರಿ ಮಾಮಾ, ನಿಮ್ಮ ಕಾಲ ಬೀಳ್ತೀನಿ. ಮೆಲ್ಲಕ ಕೇಳ್ರಿ.”

ಮಿಲ್ಲಿನ ಅಂಗಳಕ್ಕೆ ತಾಂಡೂರಿನ ನೀಲಿ ಕಲ್ಲು ಹಾಸಿದೆ. ಅದನ್ನು ತೊಳೆಸಿ ಶಾಮಿಯಾನ ಹಾಕಿಸಿದ್ದ. ಕಾರುಗಳು ಬಂದವು. ಅತಿಥಿಗಳ ಜೊತೆ ನಮ್ಮ ಸರ್ಕಾರದ ಒಬ್ಬ ಅಧಿಕಾರಿ, ಬಗಲಲ್ಲಿ ಒಂದು ಫೈಲು. ನಾನು ಎದ್ದು ಸ್ವಾಗತ ಹೇಳಿದೆ. ಏನು ಹೇಳಲಿ, ನಾಲಿಗೆ ರೂಢಿಯಂತೆ ತಾನೇ ಓಡಿತು. ಆ ನೆಲದ ದಾನ, ಧರ್ಮ, ಅತಿಥಿ ಸತ್ಕಾರ ಎಲ್ಲ ಹೊಗಳಿದೆ. ಚಪ್ಪಾಳೆ ಬಿತ್ತು. ಕೂತು ನೋಡಿದರೆ ಹಿಂದಿನ ಸಾಲಿನಲ್ಲಿ ಹುಡುಗಿ ನನ್ನತ್ತ ನೋಡುತ್ತಿರಲಿಲ್ಲ.

ಆಮೇಲೆ ಅತಿಥಿಗಳು ತಮ್ಮ ದೇಶದ ರೂಢಿಯಂತೆ ತಂದಿದ್ದ ಖರ್ಜೂರ ಹಂಚಿಸಿ, ಉದ್ದ ಕೊಕ್ಕಿನ ಹಿತ್ತಾಳೆ ಹೂಜಿಯಿಂದ ತಮ್ಮದೇ ಕಾಫಿಯನ್ನು ಹಿಡಿಯಿಲ್ಲದ ಸಣ್ಣ ಬಟ್ಟಲುಗಳಲ್ಲಿ ಎಲ್ಲರಿಗೂ ಕೊಡಿಸಿದರು. ಕುರ್ಚಿ ಒಲ್ಲೆನೆಂದು ಕಲ್ಲಿನ ಮೇಲೆಯೇ ಕೂತಿದ್ದ ಮುದುಕಿಯ ಕೈಗೂ ಒಂದು ಬಂತು. ಆಕೆ ಬಲಗೈಯಿಂದ ಇಸಿದುಕೊಂಡು, ಖರ್ಜೂರದ ಜೊತೆ ತನ್ನ ಮುಂದೆ ಇಟ್ಟು, ಕೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡಳು. ಸೊಸೆಯೂ ಹಾಗೆಯೇ ಮಾಡಿದಳು.

ಅದನ್ನು ಮೊದಲು ಕಂಡವನು ಆ ಮುಖ್ಯಸ್ಥನೇ. ಮಾತಾಡುತ್ತಿದ್ದವನು ನಿಲ್ಲಿಸಿದ. ತನ್ನ ಬಟ್ಟಲನ್ನೂ ಕೆಳಗಿಟ್ಟ. ನಮ್ಮ ಅಧಿಕಾರಿಯ ಕಡೆ ತಿರುಗಿ, “ಆ ತಾಯಿ ಏನು ಕೇಳಲು ಬಂದಿದ್ದಾರೆ?” ಎಂದು ಹಿಂದಿಯಲ್ಲಿ ವಿಚಾರಿಸಿದ.

ಅಧಿಕಾರಿ ನಗುತ್ತ ಹೇಳಿದರು: “ಏನಿಲ್ಲ ಸಾರ್. ಇವರು ಶಿವಭಕ್ತರು. ಇವತ್ತು ಉಪವಾಸ.”

ಉಪವಾಸ! ಬರುವಾಗ ಬಸ್ಸಿನಲ್ಲಿ ಆ ಮುದುಕಿ ಶೇಂಗಾ ಹಿಂಡಿ ಹಚ್ಚಿಕೊಂಡು ತನ್ನ ರೊಟ್ಟಿಯ ಜೊತೆಗೆ ನನ್ನ ಪಾಲಿನದನ್ನೂ ಉಂಡಿದ್ದಳು. ಅತಿಥಿಯ ಮುಖ ಸಡಿಲಾಯಿತು. ಬಟ್ಟಲಿಗೆ ಮತ್ತೆ ಕೈ ಹಾಕಿದ. ಇನ್ನೊಂದು ಗಳಿಗೆ ಸುಮ್ಮನಿದ್ದರೆ ಎಲ್ಲ ಮುಗಿಯುತ್ತಿತ್ತು. ನಾನು ಎದ್ದು ನಿಂತೆ. “ಹುಜೂರ್, ಉಪವಾಸ ಅಲ್ಲ,” ಎಂದೆ. ಮುಂದಿನ ಮಾತಿಗೆ ಉಪಮೆ ಹುಡುಕುತ್ತಿದ್ದೆನೋ ಏನೋ, ಅಷ್ಟರಲ್ಲಿ ಹುಡುಗಿ ಗಂಡನ ಫೋಟೋ ಹಿಡಿದು ಎದ್ದಳು. ಸಂತೆಯಲ್ಲಿ ಕಲಿತ ದಖ್ಖನಿ ಉರ್ದುವಿನಲ್ಲಿ ಎರಡೇ ಮಾತು.

“ಮೇರಾ ಆದ್ಮಿ ತುಮಾರೆ ಪಾಸ್ ಹೈ. ಕಿದರ್ ಹೈ?”

ನನ್ನ ಗಂಡ ನಿಮ್ಮ ಹತ್ತಿರ ಇದ್ದಾನೆ. ಎಲ್ಲಿದ್ದಾನೆ? ನನ್ನ ಎರಡು ಪುಟಗಳಲ್ಲಿ ಹುದುಗಿಹೋಗಿದ್ದದ್ದು ಇಷ್ಟೇ.

ಮುಖ್ಯಸ್ಥ ಅವಳ ಕೈಯಿಂದ ಫೋಟೋ ಇಸಿದುಕೊಂಡು, ಹಿಂದೆ ಬರೆದಿದ್ದ ಹೆಸರು ನೋಡಿದ. “ನಮ್ಮ ಮರಳುಗಾಡಿನವರಲ್ಲೂ ಹೀಗೇ. ಬೇಡಿಕೆ ಇಟ್ಟುಕೊಂಡು ಬಂದವನು ಬಟ್ಟಲು ಕೆಳಗಿಡುತ್ತಾನೆ,” ಎಂದ. ಆಮೇಲೆ ಫೋಟೋವನ್ನು ನಮ್ಮ ಅಧಿಕಾರಿಯ ಫೈಲಿನ ಮೇಲೆ ಇಟ್ಟು, ಬಹಳ ಸೌಜನ್ಯದಿಂದ ಹೇಳಿದ: “ಈ ಹೆಸರಿನವನ ಬಗ್ಗೆ ನೀವು ನಮ್ಮನ್ನು ಯಾವತ್ತೂ ಕೇಳಿಲ್ಲ.”

ಅವನು ಸುಳ್ಳು ಹೇಳಿರಬಹುದು. ಜನರನ್ನು ಮಾಯ ಮಾಡುವ ಸರ್ಕಾರದ ನೌಕರ, ಅವನ ಸೌಜನ್ಯವನ್ನು ನಾನು ನಂಬುವುದಿಲ್ಲ. ಆದರೆ ನಮ್ಮ ಅಧಿಕಾರಿ ಇಲ್ಲ, ಕೇಳಿದ್ದೇವೆ ಎನ್ನಲಿಲ್ಲ. ಫೈಲಿನ ದಾರ ಬಿಗಿ ಮಾಡಿಕೊಳ್ಳುತ್ತ ನಿಂತಿದ್ದರು.

ಕಾರು ಹತ್ತುವ ಮುಂಚೆ ಅವರು ನನ್ನನ್ನು ಪಕ್ಕಕ್ಕೆ ಕರೆದರು. “ನೀವು ವಿದ್ಯಾವಂತರು. ಇಂಥದ್ದನ್ನೆಲ್ಲ ನಾಜೂಕಾಗಿ ಮಾಡುತ್ತಿರುತ್ತೇವೆ. ಎಲ್ಲರೆದುರು ಹೀಗೆ ಮಾಡಿದರೆ ಕೆಡುತ್ತದೆ.”

“ಎಷ್ಟು ನಾಜೂಕು ಸಾರ್?” ಎಂದೆ. “ಅವರಿಗೇ ಕೇಳಿಸದಷ್ಟಾ?”

ಏನೂ ಕೆಡಲಿಲ್ಲ. ಬೇಳೆಯ ಮಾದರಿ ಅದೇ ವಾರ ಅವರಿಗೆ ಒಪ್ಪಿಗೆಯಾಯಿತು. ನನ್ನ ಹೆಂಡತಿಯ ತಮ್ಮ ಅದನ್ನು ಹೇಳಲು ಫೋನ್ ಮಾಡಿ, “ಅಂದ್ರೂ ನೀವ್ ಭಾಳ ರಿಸ್ಕ್ ತಗೊಂಡ್ರಿ ಮಾಮಾ,” ಎಂದು ಗೊಣಗಿದ.

ಒಂದೂವರೆ ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಮುದುಕಿಯ ಮನೆಗೆ ಫೋನ್ ಬಂತು. ನಾನೂ ಅಲ್ಲಿದ್ದೆ. ಮಗನದೇ ಧ್ವನಿ. ಆದರೆ ಹಿಂದಿಯಲ್ಲಿ ಮಾತಾಡಿದ. ತಾಯಿಯನ್ನು ಮಾತಾಜಿ ಎಂದ. ಚೆನ್ನಾಗಿದ್ದೇನೆ, ಇಲ್ಲಿ ಎಲ್ಲರೂ ಚೆನ್ನಾಗಿ ನೋಡಿಕೊಳ್ಳುತ್ತಾರೆ, ಯಾರಿಗೂ ಏನೂ ಬರೆಯಬೇಡಿ, ಏನೂ ಕೇಳಬೇಡಿ ಎಂದ. ತಾಯಿ ಕನ್ನಡದಲ್ಲೇ, “ಹೊಡದಾರೇನೋ ನಿನಗ?” ಎಂದಳು. ಉಸಿರು ಕೇಳಿಸಿತು. ಆಮೇಲೆ ಮತ್ತೆ ಅದೇ ಸಾಲು, ಅದೇ ಹಿಂದಿಯಲ್ಲಿ. ಕಟ್ಟಾಯಿತು.

ಮರುವಾರ ದಿಲ್ಲಿಯಿಂದ ಕಾಗದ. ಕುಟುಂಬದೊಂದಿಗೆ ಸಂಪರ್ಕ ಕಲ್ಪಿಸಲಾಗಿದೆ, ವಿಷಯ ಮುಕ್ತಾಯವಾಗಿದೆ. ಯಾವ ಜೈಲು, ಯಾಕೆ, ಎಂದಿನವರೆಗೆ ಎಂಬುದಿಲ್ಲ.

ಆಶ್ಚರ್ಯವೆಂದರೆ ಸೋತದ್ದು ಮುದುಕಿ. “ಧ್ವನಿ ಸಿಕ್ಕದ, ಸಾಕು ಬಿಡ್ರಿ. ಜಗ್ಗಾಡಿದ್ರ ಅದೂ ಹರದೀತು,” ಎಂದಳು. ಹೆತ್ತವಳ ಲೆಕ್ಕವೇ ಬೇರೆ.

“ಅತ್ತಿ, ಅವ್ರು ನಿಮಗ ಯವ್ವಾ ಅನಲಿಲ್ಲ,” ಎಂದಳು ಸೊಸೆ. “ಯವ್ವಾ ಅನ್ನೂತನ ನಾ ಬಿಡೂದಿಲ್ಲ.”

ಈಗ ಅರ್ಜಿಗಳನ್ನು ಅವಳೇ ಬರೆಯುತ್ತಾಳೆ, ತೆಲುಗಿನಲ್ಲಿ. ವಾರಕ್ಕೊಮ್ಮೆ ನಾರಾಯಣಖೇಡಕ್ಕೆ ಹೋಗಿ ರಿಜಿಸ್ಟರ್ ಪೋಸ್ಟ್ ಮಾಡಿ ಬರುತ್ತಾಳೆ. ಇಂಗ್ಲಿಷು ಮಾಡಿಕೊಡುವುದಷ್ಟೇ ನನ್ನ ಪಾಲಿನ ಕೆಲಸ. ಅಲ್ಲೂ ಏನಾದರೂ ಸೇರಿಸಿಬಿಟ್ಟೇನೆಂದು ಪಕ್ಕದಲ್ಲಿ ಕೂತು ಸಾಲು ಎಣಿಸುತ್ತಾಳೆ. ಉತ್ತರ ಇನ್ನೂ ಬಂದಿಲ್ಲ.

ಇದಿಷ್ಟನ್ನು ಬರೆದು ಅವಳಿಗೆ ಓದಿ ಹೇಳಿದೆ. ಕೊನೆಯತನಕ ಕೇಳಿ, “ನಮ್ಮ ಮನಿಯವ್ರ ಹೆಸರ ಎಲ್ಲಿ ಅದ?” ಎಂದಳು. ಹಾಕಿಲ್ಲ, ಅಲ್ಲಿ ಅವನಿಗೆ ಏನಾದರೂ ಮಾಡಿಯಾರು ಎಂದು ಹೆದರಿಕೆ ಎಂದೆ. ಹಳ್ಳಿಯ ಹೆಸರು? ಅದೂ ಇಲ್ಲ. ಆ ದೇಶದ್ದು? ಅದೂ ಇಲ್ಲ.

“ಹೆಸರಿಲ್ಲದ ಮನಶ್ಯಾನ್ನ ಯಾರ್ ಹುಡುಕ್ತಾರ ಕಾಕಾ?”

ಅವಳ ಅತ್ತೆ ಬೇಡವೆಂದಿದ್ದಾಳೆ, ಅವನೂ ಬೇಡವೆಂದಿದ್ದಾನೆ, ಯಾರ ಕೈಯ ಕಾಗದ ನೋಡಿ ಹೇಳಿದನೋ ಗೊತ್ತಿಲ್ಲ. ನಾನು ಹೆಸರು ಹಾಕಲಿಲ್ಲ. ಎರಡು ವಾರದಿಂದ ಅವಳು ನನ್ನ ಫೋನ್ ಎತ್ತುತ್ತಿಲ್ಲ.